ಒರೆಸಿದ ಗಾಜು

ಕಂತು ಹನ್ನೊಂದು

“ಎಣಿಸಿ ನೋಡ್ರಿ ಮೇಡಮ್ಮರ. ಒಂದ ಗ್ಲಾಸ್ ಕಮ್ಮಿ ಬಿದ್ರ ನನ್ನ ಕೇಳ್ರಿ.”

ವೆಲ್ಡಿಂಗ್ ವರ್ಕ್‌ಶಾಪು ನಡೆಸುವ ರಮೇಶ ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಕಾಗದದಲ್ಲಿ ಸುತ್ತಿದ ಸಣ್ಣ ಸಣ್ಣ ಪೊಟ್ಟಣಗಳು ಉರುಳಿ ಬಿದ್ದವು. ಒಂದೊಂದರೊಳಗೂ ಒಂದು ರೂಪಾಯಿ ನಾಣ್ಯದಷ್ಟಗಲದ, ಬಳಸಿ ತೆಗೆದ ಗಾಜು. ಮೇಲೆ ತಾರೀಖು, ಕೊಟ್ಟವನ ಸಹಿ.

ಪಿಎಸ್‌ಐ ವಿಶಾಖಾ ಎಣಿಸಲು ಹೋಗಲಿಲ್ಲ. ಆಕೆಗೆ ಬೇಕಿದ್ದುದು ಒಂದೇ ಪೊಟ್ಟಣ.

ತಿಕೋಟಾದ ಹೊರಗಿನ ಒಣದ್ರಾಕ್ಷಿ ಘಟಕದಲ್ಲಿ ಉಗಿ ಟಾಂಕಿ ಸಿಡಿದು ರಹಿಮಾಬಿ ಎಂಬ ಕೆಲಸಗಾರ್ತಿ ಸತ್ತು ಇಪ್ಪತ್ತೆರಡು ದಿನವಾಗಿತ್ತು; ಟಾಂಕಿ ಬೆಸೆದ ದೇವಾನಂದ, ‘ಲೇಸರ್ ಗನ್ನಿನ ಗಾಜು ಸುಟ್ಟಿದ್ದು ಗೊತ್ತಿದ್ದೂ ಬೆಸೆದೆ’ ಎಂದು ತಾನಾಗಿಯೇ ಒಪ್ಪಿಕೊಂಡು ಜೈಲು ಸೇರಿದ್ದ. ಆ ‘ಗೊತ್ತಿದ್ದೂ’ ಎಂಬ ಒಂದು ಶಬ್ದಕ್ಕೆ ಪ್ರಕರಣ ನಿರ್ಲಕ್ಷ್ಯದ ಸಾವಿನಿಂದ ನರಹತ್ಯೆಗೆ ಏರಿತ್ತು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ವಿಜಯಪುರದ ಕೋರ್ಟಿನಲ್ಲಿ ಅವನ ಜಾಮೀನು ಅರ್ಜಿ.

ಆರೋಪಿ ತಾನೇ ಬಾಯಿಬಿಟ್ಟ ಮೇಲೆ ಇನ್ನೇನು ಕೆದಕುವುದು? ಮೇಲಿನವರು ಭೇಷ್ ಎಂದರು, ಪತ್ರಿಕೆಯವರು ಫೋಟೋ ಹಾಕಿದರು, ಘಟಕದ ಮಾಲೀಕರು ಉಸ್ಸಪ್ಪಾ ಎಂದು ಕೈ ತೊಳೆದುಕೊಂಡರು. ನಿದ್ದೆಗೆಟ್ಟವಳು ವಿಶಾಖಾ ಒಬ್ಬಳೇ. ದೇವಾನಂದನ ತಾಯಿ ಸೋನಾಬಾಯಿಗೆ ಆಕೆ ಮೂರನೆಯ ದಿನವೇ ಮಾತು ಕೊಟ್ಟುಬಿಟ್ಟಿದ್ದಳು: ‘ನಿಮ್ಮ ಮಗ ತಪ್ಪು ಮಾಡಿಲ್ಲಂದ್ರ ನಾನ ಕರಕೊಂಡು ಬರತೇನಿ.’ ಪೊಲೀಸರು ಹಾಗೆಲ್ಲ ಮಾತು ಕೊಡಬಾರದು. ಕೊಟ್ಟ ಮೇಲೆ ಗೊತ್ತಾಗುವ ವಿಷಯ ಅದು.

ಆ ಮಾತು ಕೊಡಲು ಕಾರಣವಿತ್ತು. ಲೇಸರ್ ಗನ್ನಿನ ಮೂತಿಯಲ್ಲಿ ಒಂದು ಪುಟ್ಟ ಡ್ರಾಯರ್ ಇರುತ್ತದೆ, ಅದರಲ್ಲಿ ಈ ಕಾಪಾಡುವ ಗಾಜು. ಬೆಸೆಯುವಾಗ ಸಿಡಿಯುವ ಲೋಹದ ಕಿಡಿ, ಹೊಗೆ ಎಲ್ಲವನ್ನೂ ತಾನು ತಿಂದು ಒಳಗಿನ ದುಬಾರಿ ಲೆನ್ಸುಗಳನ್ನು ಉಳಿಸುವುದು ಅದರ ಕೆಲಸ. ಅದರ ಮೇಲೆ ಒಂದು ಕಣ ಧೂಳು ಕೂತರೂ ಸಾಕು, ಬೆಳಕಿಗೆ ಅಲ್ಲೇ ಕಾದು ಕಪ್ಪು ಚುಕ್ಕೆ ಬೀಳುತ್ತದೆ. ಚುಕ್ಕೆ ಬಿದ್ದ ಗಾಜಿನಿಂದ ಬೆಸೆದರೆ ಮೇಲೆ ಮಿರಿಮಿರಿ ಮಿಂಚುವ ಗೆರೆ, ಒಳಗೆ ಟೊಳ್ಳು. ಅದಕ್ಕೇ ಗಾಜು ಬದಲಿಸುವಾಗ ಧೂಳು ಇರಬಾರದು, ಬೆರಳು ತಾಗಬಾರದು, ಸ್ಪಿರಿಟ್ ಹಚ್ಚಿದ ಮೆತ್ತನೆಯ ಕಡ್ಡಿಯಿಂದಷ್ಟೇ ಮುಟ್ಟಬೇಕು.

ಮಾರ್ಚ್ ತಿಂಗಳ ವಿಜಯಪುರದಲ್ಲಿ ಧೂಳಿಲ್ಲದ ಜಾಗ ಹುಡುಕುವವನಿಗೆ ಒಂದು ಸನ್ಮಾನ ಮಾಡಬೇಕು. ದೇವಾನಂದ ಹುಡುಕಲಿಲ್ಲ, ತಾಯಿಯಿಂದ ಹೊಲಿಸಿಕೊಂಡ. ಪಾರದರ್ಶಕ ಪ್ಲಾಸ್ಟಿಕ್ಕಿನ ದೊಡ್ಡ ಚೀಲ, ಅದಕ್ಕೆ ಎರಡು ತೋಳು. ಗನ್ನಿನ ತಲೆಯನ್ನೂ ಹೊಸ ಗಾಜಿನ ಡಬ್ಬಿಯನ್ನೂ ಒಳಗಿಟ್ಟು ಬಾಯಿ ಕಟ್ಟಿ, ತೋಳುಗಳಲ್ಲಿ ಕೈ ತೂರಿಸಿ ಗಾಜು ಬದಲಿಸುತ್ತಿದ್ದ. ವರ್ಕ್‌ಶಾಪಿನವರು ಅದನ್ನು ‘ದೇವಾನಂದನ ಕೂಸಿನ ಅಂಗಿ’ ಎಂದು ಕರೆದು ನಗುತ್ತಿದ್ದರು.

ಅಂಥವನು ಸುಟ್ಟ ಗಾಜನ್ನು ಗೊತ್ತಿದ್ದೂ ಬಿಟ್ಟನೆಂದರೆ ನಂಬುವುದು ಹೇಗೆ?

ವಿಶಾಖಾ ಗುರುವಾರದ ತಾರೀಖಿನ ಪೊಟ್ಟಣ ಬಿಚ್ಚಿ, ಭೂತಗನ್ನಡಿ ಹಿಡಿದು ಕಿಟಕಿಯ ಕಡೆ ತಿರುಗಿದಳು.

“ರಮೇಶ ಅವರ, ಹಳೇ ಗ್ಲಾಸ್ ಕೊಟ್ಟರಷ್ಟ ಹೊಸಾದು ಕೊಡ್ತೀರಿ. ಹೌದಿಲ್ಲೋ?”

“ಹೌದ್ರಿ. ಇಲ್ಲಂದ್ರ ಮಂದಿ ಕಿಸೇದಾಗ ಹಾಕ್ಕೊಂಡು ಹೋಗ್ತಾರ. ಹತ್ತೊಂಬತ್ತು ವರ್ಷ ನೌಕರಿ ಮಾಡಿ ಬಂದಾಂವರಿ ನಾ. ನನ್ನ ಸ್ಟೋರ್ ಅಂದ್ರ ಸ್ಟೋರ್.”

“ಟಾಂಕಿ ಬೆಸದದ್ದು ಗುರುವಾರ. ಅವತ್ತು ಸಂಜೀಕ ದೇವಾನಂದ ಕೊಟ್ಟ ಹಳೇ ಗ್ಲಾಸ್ ಇದು. ನೋಡ್ರಿ, ನಡಕ ಸಾಸಿವಿ ಕಾಳಿನಷ್ಟೂ ಕಲಿ ಇಲ್ಲ. ಟಾಂಕಿ ಇಂಥಾ ಗ್ಲಾಸಿಲೆ ಬೆಸದಾರ. ಹಂಗಾರ ಒಳಗ ಟೊಳ್ಳ ಹ್ಯಾಂಗ ಬಂತು?”

ರಮೇಶ ನಕ್ಕ. ಗಂಟಲಿನಿಂದ ಆಚೆಗೆ ಬಾರದ ನಗು. “ಆಂವನ ಒಪ್ಪಿಕೊಂಡಾನಲ್ರಿ ಮೇಡಮ್ಮರ. ಇನ್ನ ನಾವು ನೀವು ಯಾಕ ತಲಿ ಕೆಡಿಸ್ಕೋಬೇಕು?”

ವಿಶಾಖಾ ಚೀಲದಿಂದ ಇನ್ನೊಂದು ವಸ್ತು ತೆಗೆದಳು. ಅರಗಿನ ಮುದ್ರೆ ಹಾಕಿದ ಪಾರದರ್ಶಕ ಪಾಕೀಟು. ಸ್ಫೋಟವಾದ ಮರುದಿನ ಇದೇ ವರ್ಕ್‌ಶಾಪಿನ ಗನ್ನಿನೊಳಗಿಂದ ಪೊಲೀಸರೇ ಬಿಚ್ಚಿಕೊಂಡು ಹೋಗಿದ್ದ ಗಾಜು ಅದರಲ್ಲಿತ್ತು. ನಡುವೆ ತೊಗರಿಬೇಳೆಯಷ್ಟು ಅಗಲ ಸುಟ್ಟ ಕಲೆ. ಸುತ್ತ ತೆಳ್ಳಗೆ ಹಳದಿ ಮಂಜು ಹಿಡಿದಿತ್ತು.

“ಇದು ಗುರುವಾರ ಸಂಜೀಕ ನೀವು ಕೊಟ್ಟ ಹೊಸಾ ಗ್ಲಾಸ್. ಈ ಹಳದಿ ಏನಂತ ನಿನ್ನೆ ಪ್ರಯೋಗಾಲಯದಿಂದ ವರದಿ ಬಂದೈತಿ. ಗಂಧಕ. ನಿಮ್ಮ ವರ್ಕ್‌ಶಾಪಿನ್ಯಾಗ ಗಂಧಕ ಎಲ್ಲೈತ್ರಿ?”

“ಗಂಧಕಾ? ಇಲ್ಲೆಲ್ಲಿಂದ ಬರಬೇಕ್ರಿ?”

“ಇಲ್ಲಿಲ್ಲ. ಒಣದ್ರಾಕ್ಷಿಗೆ ಬಂಗಾರದಂಥಾ ಬಣ್ಣ ಬರ್ಲಿ ಅಂತ ಹೊಗಿ ಹಾಕೋ ಕೋಣ್ಯಾಗ ಐತಿ. ಆ ಕೋಣಿ ಉಗಿ ಟಾಂಕಿ ಬಾಜೂಕ ಐತಿ. ಅಲ್ಲಿ ಗನ್ನಿನ ಬಾಯಿ ತಗದು ಗ್ಲಾಸ್ ಹೊರಗ ಹಿಡದ್ರ ಮಾತ್ರ ಅದರ ಮ್ಯಾಲ ಹಿಂಗ ಕುಂಡ್ರತೈತಿ. ಮಶೀನು ವರ್ಕ್‌ಶಾಪ್ ಬಿಟ್ಟು ಹೋಗಿಲ್ಲ ಅಂತ ನೀವು ಬರದು ಸಹಿ ಮಾಡಿ ಕೊಟ್ಟೀರಿ.”

ರಮೇಶ ಪೊಟ್ಟಣಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬತೊಡಗಿದ. ಕೈಗೆ ಕೆಲಸವಿದ್ದರೆ ಬಾಯಿಗೆ ರಜೆ ಸಿಗುತ್ತದೆಂದುಕೊಂಡನೋ ಏನೋ.

ವಿಶಾಖಾ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಮೊಬೈಲನ್ನು ಅವನ ಮುಂದಿಟ್ಟಳು. “ಇದು ಟಾಂಕಿ ಕಳಸೋ ಮುಂದ ನೀವ ತಗದ ಫೋಟೋ. ಘಟಕದ ಮ್ಯಾನೇಜರ್ ಫೋನಿನ್ಯಾಗ ಸಿಕ್ತು. ಇದರಾಗ ಮ್ಯಾಲ ಒಂದ ಪೈಪ್ ಐತಿ. ಒಡದ ಟಾಂಕಿಗೆ ಎರಡು ಅದಾವ. ಒಡದದ್ದು ಎರಡನೇ ಪೈಪಿನ ಬುಡದಾಗ. ಅದನ್ನ ಕೂಡಿಸಿದವರು ಯಾರು?”

ಹೊರಗೆ ಯಾರೋ ಗ್ರೈಂಡರ್ ಹಚ್ಚಿದ್ದರು. ಅದರ ಕಿರುಚಾಟ ನಿಲ್ಲುವವರೆಗೆ ರಮೇಶ ಫೋಟೋವನ್ನೇ ಹಿಗ್ಗಿಸಿ ನೋಡುತ್ತ ಕೂತ. ನಿಂತ ಮೇಲೆ ಇನ್ನು ನೆವ ಉಳಿಯಲಿಲ್ಲ.

“ರವಿವಾರ ಘಟಕದ ಮಾಲಕರು ಫೋನ್ ಮಾಡಿದ್ರು. ಸೋಮವಾರ ಮಾಲ್ ತೊಳಿಯೂದೈತಿ, ಇನ್ನೊಂದು ಪೈಪ್ ಬೇಕ ಬೇಕು ಅಂದ್ರು. ಫೋನಿನ್ಯಾಗ ಹುಡುಗರಿಗೆ ಹೇಳಿ ಟೆಂಪೋದಾಗ ಮಶೀನು ಕಳಿಸಿದೆ.”

“ಜೋಡಿ ಯಾರು ಹೋದ್ರು?”

“ದೇವಾನಂದ.”

“ಸುಳ್ಳ.” ವಿಶಾಖಾ ದನಿ ಏರಿಸಲಿಲ್ಲ. ಮಡಿಚಿದ ಚೀಟಿಯೊಂದನ್ನು ಬಿಚ್ಚಿದಳು. “ಶನಿವಾರ ಮಧ್ಯಾಹ್ನದ ಕಣ್ಣಿನ ಡಾಕ್ಟರ ಚೀಟಿ ಇದು. ದೇವಾನಂದಗ ಎರಡೂ ಕಣ್ಣು ಬಂದಿದ್ದುವು. ಐದು ದಿನ ಬೆಳಕಿಗೆ ಬರಬ್ಯಾಡ ಅಂತ ಬರದಾರ. ರವಿವಾರ ಆಂವ ಕಣ್ಣಿಗೆ ಹಸಿ ಅರಬಿ ಕಟ್ಟಿಕೊಂಡು ಮನಿಯಾಗ ಬಿದ್ದಿದ್ದನ್ನ ಓಣಿ ಮಂದಿ ನೋಡ್ಯಾರ. ಕಣ್ಣ ತೆರಿಯಾಕ ಬರದಾಂವ ಲೇಸರ್ ಹ್ಯಾಂಗ ಹಿಡದ ರಮೇಶ ಅವರ?”

ರಮೇಶನ ಮುಖ ಇಳಿದುಹೋಯಿತು. ತುಟಿ ಒದ್ದೆ ಮಾಡಿಕೊಂಡು, ಮೇಜಿನ ಅಂಚಿಗೆ ಹೇಳುವವನಂತೆ ಹೇಳಿದ.

“ಅವನ ತಂಗೀನ್ನ ಕಳಿಸಿದ್ದೆ. ಪೂನಮನ್ನ.”

ಆ ಹೆಸರನ್ನು ವಿಶಾಖಾ ಇಲ್ಲಿ ಕೇಳುವೆನೆಂದು ಎಣಿಸಿರಲಿಲ್ಲ. ಕುರ್ಚಿ ಎಳೆದು ಕೂತಳು.

ಪೂನಮ. ಕಡತದಲ್ಲಿ ‘ಗಾಯಾಳು ಸಂಖ್ಯೆ ಎರಡು’. ಇಪ್ಪತ್ತೆರಡರ ಹುಡುಗಿ. ಐಟಿಐಯಲ್ಲಿ ವೆಲ್ಡರ್ ಪಾಸಾಗಿ, ಹೆಣ್ಣುಮಗಳು ವೆಲ್ಡಿಂಗ್ ಏನು ಮಾಡುತ್ತಾಳೆಂದು ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡ ಮೇಲೆ, ಅದೇ ಒಣದ್ರಾಕ್ಷಿ ಘಟಕದಲ್ಲಿ ಕಸ-ಕಡ್ಡಿ ಆರಿಸುವ ಕೂಲಿಗೆ ಸೇರಿದ್ದಳು. ಸೋಮವಾರ ಟಾಂಕಿ ಸಿಡಿದಾಗ ಅದರಿಂದ ನಾಲ್ಕು ಮಾರು ದೂರದಲ್ಲಿದ್ದಳು. ಈಗ ವಿಜಯಪುರದ ಆಸ್ಪತ್ರೆಯೊಂದರಲ್ಲಿ ಗಂಟಲಿಗೆ ನಳಿಕೆ ಹಾಕಿಸಿಕೊಂಡು, ಮೈತುಂಬ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದಾಳೆ. ಮಾತಿಲ್ಲ, ಎಚ್ಚರವಿಲ್ಲ. ವಿಶಾಖಾ ಆಕೆಯನ್ನು ನಾಲ್ಕು ಸಲ ನೋಡಿ ಬಂದಿದ್ದಳು. ನಾಲ್ಕು ಸಲವೂ ಅಯ್ಯೋ ಪಾಪ ಎಂದುಕೊಂಡಿದ್ದಳು.

ದೇವಾನಂದ ಯಾಕೆ ಎಲ್ಲವನ್ನೂ ಮೈಮೇಲೆ ಎಳೆದುಕೊಂಡನೆಂಬುದು ಈಗ ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು. ಅಣ್ಣನನ್ನು ಹೊರಗೆ ತರುವ ಒಂದೊಂದು ಕಾಗದವೂ ತಂಗಿಯ ಹಾಸಿಗೆಯ ಪಕ್ಕ ಒಬ್ಬ ಕಾನ್‌ಸ್ಟೇಬಲ್‌ನನ್ನು ಕೂರಿಸುವ ಕಾಗದ.

“ಘಟಕದ ಮಾಲಕರ ಮುಂದ ಹೇಳಬ್ಯಾಡ್ರಿ ಅಂದಿದ್ದ ದೇವಾನಂದ,” ಎಂದ ರಮೇಶ. “ಬೆಸಿಯೂದು ಛಲೋ ಬರತೈತ್ರಿ ಆಕೀಗಿ. ಊಟದ ಸೂಟ್ಯಾಗ ಬಂದು ಅಣ್ಣನ ಕೈಯಾಗ ಕಲ್ತಾಳ. ಇದೊಂದ ಕೆಲಸ ಚೊಕ್ಕ ಮಾಡಿದ್ರ ಸೋಮವಾರದಿಂದ ತಗೋತೇನಿ ಅಂದಿದ್ದೆ ನಾನೂ.”

“ಹೊಸಾ ಗ್ಲಾಸ್ ಯಾಕ ಕೊಡಲಿಲ್ಲ?”

“ಸ್ಟೋರಿನ ಕೀಲಿ ನನ್ನ ಕಿಸೇದಾಗ. ನಾ ಅವತ್ತು ಸೊಲ್ಲಾಪುರದಾಗ ಮದವ್ಯಾಗ ಇದ್ದೆ.”

“ಗ್ಲಾಸ್ ಸುಟ್ಟೈತಿ ಅಂತ ಆಕಿ ನಿಮಗ ಫೋನ್ ಮಾಡಿರಬೇಕು. ಅದರಿಂದನ ನಡಸು ಅಂತ ನೀವ ಹೇಳೀರಿ.”

“ಇಲ್ಲ್ರಿ! ನನ್ನ ಮಕ್ಕಳಾಣೆ ಇಲ್ಲ್ರಿ! ನನಗ ಯಾರೂ ಫೋನ್ ಮಾಡಿಲ್ಲ. ಆಕಿ ಏನ ಮಾಡಿದ್ಲೋ, ಯಾರ್ನ ಕೇಳಿದ್ಲೋ, ದೇವರಿಗೇ ಗೊತ್ತು.”

ಮಶೀನು ಹೊರಗೇ ಹೋಗಿಲ್ಲವೆಂದು ಬರೆದುಕೊಟ್ಟವನ ಆಣೆಗೆ ಎಷ್ಟು ಬೆಲೆ? ವಿಶಾಖಾ ಅವನ ಹೇಳಿಕೆ ಬರೆಸಿಕೊಂಡು ಸಹಿ ಹಾಕಿಸಿ ಎದ್ದಳು. ಗೆದ್ದು ಹೊರಟ ನಡಿಗೆಯಂತೂ ಅದಾಗಿರಲಿಲ್ಲ.

*

ಜೀಪು ಬಬಲೇಶ್ವರದ ದಾರಿ ಹಿಡಿಯಿತು. ಊಟದ ಹೊತ್ತು ಎಂಬುದು ಡ್ರೈವರನಿಗೆ ಹೇಳಿದ ನೆಪ. ಆಕೆಗೆ ಅಪ್ಪನ ಹತ್ತಿರ ಒಂದು ಮಾತು ಕೇಳಬೇಕಿತ್ತು.

ಬಾಬು ಬಬಲೇಶ್ವರದ ಬಸ್ ನಿಲ್ದಾಣದ ಹಿಂದೆ ಮೂವತ್ತು ವರ್ಷ ವೆಲ್ಡಿಂಗ್ ಅಂಗಡಿ ನಡೆಸಿದವನು. ಟ್ರಾಲಿ, ಗೇಟು, ಕುಂಟೆ, ಎಲ್ಲಕ್ಕೂ ಅವನೇ. ಬೆಳಕು ನೋಡಿ ನೋಡಿ ಒಂದು ಕಣ್ಣು ಪೂರ್ತಿ ಬೆಳ್ಳಗಾಗಿತ್ತು, ಇನ್ನೊಂದಕ್ಕೆ ಹಗಲು ರಾತ್ರಿಯ ವ್ಯತ್ಯಾಸ ಮಾತ್ರ ತಿಳಿಯುತ್ತಿತ್ತು. ಮಗಳ ಬೂಟಿನ ಸದ್ದು ಕೇಳಿಯೇ ಅವನು ಹೊರಸಿನಿಂದ ಎದ್ದು ಕೂತ.

“ಕೇಸ್ ಒಡೀತು?”

“ಒಡೀತು ಯಪ್ಪಾ. ನನ್ನ ತಲೀನೂ ಒಡೀತು.”

ರೊಟ್ಟಿ ಮುರಿಯುತ್ತ ಎಲ್ಲವನ್ನೂ ಹೇಳಿದಳು. ಮುರಿದ ತುತ್ತು ತಟ್ಟೆಯಲ್ಲೇ ಉಳಿಯಿತು. ಬಾಬು ಅಡ್ಡಬಾಯಿ ಹಾಕದೆ ಕೇಳಿದ.

“ಲೇಸರ್ ಗೀಸರ್ ನನಗ ತಿಳಿಯಂಗಿಲ್ಲವ್ವಾ. ಕೆಲಸಗಾರರು ಮಾತ್ರ ತಿಳೀತಾರ. ಆ ಗ್ಲಾಸ್ ಹ್ಯಾಂಗ ಕಾಣತೈತಿ ಹೇಳು. ಕಲಿ ಬಿಟ್ಟು ಬ್ಯಾರೆ ಏನೈತಿ?”

ವಿಶಾಖಾ ಪಾಕೀಟನ್ನು ಬಾಗಿಲ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು. ವರ್ಕ್‌ಶಾಪಿನ ಮಬ್ಬಿನಲ್ಲಿ ಕಾಣದಿದ್ದುದು ಇಲ್ಲಿ ಕಂಡಿತು. “ಹಳದಿ ಒಳಗ ಗೆರಿ ಅದಾವ. ಕೂದಲಿಗಿಂತ ಸಣ್ಣ. ಸುತ್ತ ಸುತ್ತ ತಿರಗ್ಯಾವ.”

“ಅರಬಿಲೆ ಒರಿಸ್ಯಾರ.” ಬಾಬು ತಡಮಾಡದೆ ಹೇಳಿದ. “ಹೊಸಾದು ಸಿಗಲಿಲ್ಲ, ಇದ್ದದ್ದನ್ನ ಒರಿಸಿ ಹಾಕ್ಯಾರ. ಒರಿಸಿದ್ರ ಕಲಿ ಹೋಗಂಗಿಲ್ಲ, ಅದರ ಮ್ಯಾಲಿನ ಲೇಪ ಹೋಗತೈತಿ. ಇದ್ದದ್ದಕ್ಕಿಂತ ಲಗೂನ ಸುಡತೈತಿ.”

“ಹುಡುಗಿ ತಿಳೀದ ಮಾಡ್ಯಾಳೇನೊ.”

“ಇಲ್ಲ. ಕಲ್ತಾಕಿ ಅಂದಿ ನೀನು. ಕಲಿತ ಹೊಸಾದರಾಗ ಅಂಜಿಕಿ ಇರತೈತಿ ಮಗಳ. ಹಿಂಗ ಮಾಡಬ್ಯಾಡ ಅಂತ ಹೇಳಿಕೊಟ್ಟದ್ದು ತಲ್ಯಾಗ ಕುಂತಿರತೈತಿ. ತನ್ನಷ್ಟಕ್ಕ ತಾ ಆಕಿ ಒರಸಂಗಿಲ್ಲ, ಮಶೀನು ಬಂದ್ ಮಾಡಿ ಕುಂಡ್ರತಾಳ. ದೊಡ್ಡವರು ಯಾರೋ ‘ಏ, ನಡೀತೈತಿ’ ಅಂದ್ರಷ್ಟ ಆಕೀ ಕೈ ಮುಂದ ಹೋಗೂದು.”

ಬಾಬು ಹೊರಸಿನ ಹಗ್ಗವನ್ನು ಬೆರಳಿನಿಂದ ತಡವುತ್ತ ಕೂತ.

“ನಾನೂ ಅಂದೀನಿ. ಸಂಗು ಅಂತ ಒಬ್ಬಾಂವ ಇದ್ದ ನನ್ನ ಕೈಯಾಗ. ಕಣ್ಣಿಗೆ ಹಿಡಿಯೂ ಕರೇ ಗ್ಲಾಸ್ ಒಡದಿತ್ತು ಅವತ್ತು. ಟ್ರಾಲಿ ಒಯ್ಯಾಕ ಮಂದಿ ಬಂದು ನಿಂತಿದ್ರು. ‘ಕಣ್ಣ ಮುಚ್ಚಿ ಹಚ್ಚೋ, ನಡೀತೈತಿ’ ಅಂದೆ. ಹಚ್ಚಿದ. ನಾ ಅಂದೆನಂತ ಹಚ್ಚಿದ. ಆಮ್ಯಾಲ ಆಂವ ಈ ಕೆಲಸಕ್ಕ ಬರಲಿಲ್ಲ, ಬರಾಕ ಕಣ್ಣ ಉಳೀಲಿಲ್ಲ. ಯಾರೂ ನನ್ನ ಹೆಸರ ಹೇಳಲಿಲ್ಲ.”

ವಿಶಾಖಾ ಅಪ್ಪನನ್ನು ನೋಡಿದಳು. ತನ್ನ ಮೂವತ್ತನಾಲ್ಕು ವರ್ಷದ ಬದುಕಿನಲ್ಲಿ ಈ ಮಾತು ಅವನ ಬಾಯಿಂದ ಬಂದದ್ದು ಇದೇ ಮೊದಲು. ಅವನ ಮೊಣಕೈ ಹಿಡಿದುಕೊಂಡಳು.

“ಹುಡುಗೀನ್ನ ಹಿಡಿಯೂಕಿಂತ ಮೊದಲ, ನಡೀತೈತಿ ಅಂದವರ್‍ನ ಹುಡುಕು,” ಎಂದ ಬಾಬು.

ಜೀಪು ಹತ್ತುವಾಗ, ಇಪ್ಪತ್ತೆರಡು ದಿನಗಳಲ್ಲಿ ಮೊದಲ ಸಲ, ವಿಶಾಖಾಳ ಎದೆಯೊಳಗೆ ಒಂದಿಷ್ಟು ಗಾಳಿ ಆಡಿತು. ಹೌದಲ್ಲ! ಸುಟ್ಟ ಗಾಜಿನಿಂದಲೇ ನಡೆಸೆಂದು ಹೇಳಿದವನು ಒಬ್ಬನಿದ್ದರೆ, ಗೊತ್ತಿದ್ದೂ ಮಾಡಿಸಿದವನು ಅವನೇ. ಹುಡುಗಿ ಮೇಲಿನವರು ಹೇಳಿದಂತೆ ಕೇಳಿದ ಕೂಲಿಯವಳು. ಆಕೆಯನ್ನು ಸಾಕ್ಷಿಯಾಗಿ ತೋರಿಸಬಹುದು. ಅಣ್ಣ ಹೊರಗೆ ಬರುತ್ತಾನೆ, ತಂಗಿ ಉಳಿಯುತ್ತಾಳೆ. ಮಕ್ಕಳಾಣೆ ಹಾಕಿದ ರಮೇಶ ಸರಳುಗಳ ಹಿಂದೆ ಕೂತು ತನ್ನ ಸ್ಟೋರಿನ ಕೀಲಿ ಎಣಿಸಲಿ.

ಬೇಕಾದದ್ದು ಒಂದೇ. ಪೂನಮನ ಫೋನು.

*

ತಿಕೋಟಾ ಠಾಣೆಯ ಮುಂದಿನ ಬೇವಿನ ಮರದ ಕೆಳಗೆ ಒಂದು ಕಲ್ಲಿನ ಬೆಂಚು. ಅದರ ಒಂದು ತುದಿಗೆ ಸೋನಾಬಾಯಿ, ಇನ್ನೊಂದು ತುದಿಗೆ ರಸೂಲಸಾಬ. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಠಾಣೆ, ಇದು ಸೋನಾಬಾಯಿಯ ದಿನಚರಿ. ರಸೂಲಸಾಬ ಸತ್ತ ರಹಿಮಾಬಿಯ ಗಂಡ. ಕಳ್ಳಕವಟಗಿಯವನು, ಹದಿನಾಲ್ಕು ವರ್ಷದಿಂದ ಅದೇ ಘಟಕದಲ್ಲಿ ಟಾಂಕಿಗೆ ಬೆಂಕಿ ಹಾಕುತ್ತಿದ್ದವನು. ಆ ಸೋಮವಾರ ಹೊಸ ಟಾಂಕಿಯನ್ನು ಮೊದಲ ಸಲ ಕಾಯಿಸಿದ್ದು ಅವನೇ. ಹೆಂಡತಿ ತೊಳೆಯುವ ತೊಟ್ಟಿಯ ಹತ್ತಿರ ನಿಂತು ‘ಬಿಸಿ ಬಂತೇನು’ ಎಂದು ಕೂಗಿದ್ದಕ್ಕೆ, ‘ತಡಿಯೇ, ಬರತೈತಿ’ ಎಂದು ಇನ್ನೆರಡು ಕಟ್ಟಿಗೆ ಒಟ್ಟಿದ್ದ.

ದಿನವೂ ಬಂದು ಅವನು ಕೇಳುವುದು ಒಂದೇ ಪ್ರಶ್ನೆ. ಇಂದೂ ಜೀಪು ನಿಲ್ಲುತ್ತಲೇ ಎದ್ದು ಬಂದ.

“ಮೇಡಂ, ಉಗಿ ಹೆಚ್ಚಾಗಿತ್ತೇನ್ರಿ? ಮೀಟರಿನ ಕಾಟಾ ನಾ ನೋಡಿದ್ದೆ, ಕೆಂಪಿಗಿ ಹೋಗಿದ್ದಿಲ್ಲ. ಮತ್ತ ನೋಡಿದ್ದು ತಪ್ಪೇನ್ರಿ ನಂದು? ನನ್ನ ಕೈಯಿಂದನ ಹೋದ್ಲೇನ್ರಿ ಆಕಿ?”

“ನಿಮ್ಮ ತಪ್ಪಲ್ಲ ರಸೂಲಣ್ಣಾ. ನೂರು ಸಲ ಹೇಳೀನಿ.”

“ಹಂಗಾರ ಯಾರದು?”

ವಿಶಾಖಾ ಬೆಂಚಿನ ಕಡೆ ನಡೆದಳು. ರಸೂಲಸಾಬ ಹಿಂದೆಯೇ ಬಂದು ತನ್ನ ತುದಿಯಲ್ಲಿ ಕೂತು ಚಹಾದ ಕಪ್ಪು ಎತ್ತಿಕೊಂಡ. ಮಗ ಆರೋಪಿಯಾದವಳೂ ಹೆಂಡತಿಯನ್ನು ಕಳೆದುಕೊಂಡವನೂ ಒಂದೇ ಬೆಂಚಿನಲ್ಲಿ ಕೂರುವುದನ್ನು ಕಂಡು ಮೊದಮೊದಲು ಠಾಣೆಯವರು ಗಾಬರಿಯಾಗಿದ್ದರು. ಈಗ ಇಬ್ಬರೂ ಒಂದೇ ಚಹಾವನ್ನು ಎರಡು ಕಪ್ಪಿಗೆ ಹಾಕಿಸಿಕೊಳ್ಳುತ್ತಿದ್ದರು. ದೇವಾನಂದ ಹಾಗೆ ಮಾಡುವ ಹುಡುಗನಲ್ಲ ಎಂದು ಎಲ್ಲರಿಗಿಂತ ಮೊದಲು ಹೇಳಿದವನು ರಸೂಲಸಾಬನೇ.

“ಜೈ ಭೀಮ ಯವ್ವಾ,” ಎಂದಳು ಸೋನಾಬಾಯಿ. ದಿನಕ್ಕಿಂತ ಸ್ವಲ್ಪ ಗೆಲುವಾಗಿದ್ದಳು. “ಪೂನಮ ಇವತ್ತು ಬೆರಳ ಅಳಗ್ಯಾಡ್ಸಿದ್ಲು. ನರ್ಸಬಾಯಿ ನೋಡ್ಯಾಳ. ನಾಳಿಗೆ ನನ್ನ ಮಗ ಬಂದಾ ಅಂದ್ರ, ಅಣ್ಣನ ದನಿ ಕೇಳಿ ಕಣ್ಣ ತೆರೀತಾಳ ನೋಡ್ರಿ. ಬರತಾನಲ್ರಿ?”

“ಬರತಾನ,” ಎಂದಳು ವಿಶಾಖಾ. ಈ ಸಲ ಆ ಮಾತನ್ನು ಅವಳೂ ನಂಬಿದ್ದಳು. “ಸೋನಾಬಾಯಿ, ಪೂನಮನ ಫೋನು ಎಲ್ಲೈತಿ? ಘಟಕದಾಗ ನಮಗ ಸಿಗಲಿಲ್ಲ.”

“ನನ್ನ ಕಡೇನ ಐತಲ್ರಿ. ಅವತ್ತು ಬುತ್ತಿ ಚೀಲದಾಗ ಇಟ್ಟಿದ್ಲು. ಯಾರೂ ಕೇಳಲಿಲ್ಲ, ನಾ ಕೊಡಲಿಲ್ಲ.”

ಸೆರಗಿನ ಗಂಟು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿದ ಫೋನು ತೆಗೆದಳು. ಗಾಜು ಮೂಲೆಯಲ್ಲಿ ಒಡೆದಿತ್ತು. ದಿನವೂ ಚಹಾದಂಗಡಿಯಲ್ಲಿ ಚಾರ್ಜ್ ಮಾಡಿಸುತ್ತಾಳಂತೆ. ಓದು ಬರಹ ಬಾರದು, ಆದರೆ ಹಸಿರು ಗುರುತಿನ ಮೇಲೆ ಒತ್ತಿ, ಮಗನ ಫೋಟೋ ಇರುವ ಕಡೆ ಒತ್ತಿ, ಮೂರು ಮೂಲೆಯ ಗುರುತು ಒತ್ತಿದರೆ ಮಗನ ದನಿ ಬರುತ್ತದೆಂದು ಪಕ್ಕದ ಮನೆಯ ಸಕೀನಾ ತೋರಿಸಿಕೊಟ್ಟಿದ್ದಳು.

“ಇಪ್ಪತ್ತೆರಡು ದಿನದಿಂದ ಇದನ್ನ ಕೇಳಿಕೋತ ಕುಂತೀನ್ರಿ ಯವ್ವಾ. ಜೈಲಿನ್ಯಾಗ ಆಂವ ನನ್ನ ಕೂಡ ಮಾತಾಡವಲ್ಲ, ಮಾರಿ ತಿರುವತಾನ. ಇದರಾಗ ಮಾತಾಡತಾನ. ಕೇಳ್ರಿ ನೀವೂ.”

ವಿಶಾಖಾ ಕೈಚಾಚಿದ್ದಳು. ಅಷ್ಟರಲ್ಲಿ ಸೋನಾಬಾಯಿಯ ಹೆಬ್ಬೆರಳು ಒತ್ತಿ ಆಗಿತ್ತು. ಫೋನನ್ನು ಆಕೆ ದೊಡ್ಡ ದನಿಗೆ ಇಟ್ಟುಕೊಂಡಿದ್ದಳು, ಕಿವಿ ಸ್ವಲ್ಪ ಮಂದ.

“ಏ ಪೂನಮಾ, ಅಳಬ್ಯಾಡ. ಕೇಳಿಲ್ಲಿ. ಗ್ಲಾಸ್ ಸುಟ್ಟೈತಿ ಅಂತ ನನಗೂ ಗೊತ್ತೈತಿ, ಶನಿವಾರನ ನೋಡೀನಿ ನಾ. ಸ್ಟೋರಿಗೆ ಕೀಲಿ ಹಾಕೈತಿ, ಏನ ಮಾಡೂದು? ತಗದು ಉಸರ ಊದಿ, ನಿನ್ನ ದುಪಟ್ಟಾಲೆ ಒರಸಿ ಹಾಕು. ಒಂದ ಪೈಪಿಗಿ ಏನಾಗಂಗಿಲ್ಲ, ನಡೀತೈತಿ. ವಾಪಸ್ ಬಂದಿ ಅಂದ್ರ ಮತ್ತ ಯಾರೂ ನಿನ್ನ ಕೈಗಿ ಗನ್ ಕೊಡಂಗಿಲ್ಲ ನೋಡು. ಜಲಮಪೂರ್ತಿ ಮಣೂಕ ದ್ರಾಕ್ಷಿ ಆರಿಸ್ಕೋತ ಕುಂಡ್ರತಿ. ನಾ ಅದೀನಲ್ಲ, ಯಾಕ ಅಂಜತಿ? ನಮ್ಮ ಪೂನಮನಂಥಾ ಕೈ ಇಡೀ ಬಿಜಾಪುರದಾಗ ಇನ್ನೊಂದಿಲ್ಲ. ಹಚ್ಚು.”

ಬೇವಿನ ಮರದಲ್ಲಿ ಕಾಗೆಯೊಂದು ಕೂಗಿ ಸುಮ್ಮನಾಯಿತು.

ವಿಶಾಖಾ ಚಾಚಿದ ಕೈ ಹಾಗೆಯೇ ಇತ್ತು. ನಡೀತೈತಿ ಅಂದವರ್‍ನ ಹುಡುಕು ಎಂದಿದ್ದ ಅಪ್ಪ. ಸಿಕ್ಕಿದ್ದ. ಮಗನ ಅಪರಾಧವೂ ಮಗಳ ಅಪರಾಧವೂ ತಾರೀಖು, ಗಂಟೆ, ನಿಮಿಷ ಸಮೇತ ಆ ಫೋನಿನೊಳಗೆ ಒಟ್ಟಿಗೆ ಕೂತಿದ್ದವು. ‘ಗೊತ್ತಿದ್ದೂ’ ಎಂಬುದಕ್ಕೆ ಸರಕಾರಿ ವಕೀಲರಿಗೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ. ರಮೇಶ ಮಕ್ಕಳ ಮೇಲೆ ಹಾಕಿದ ಆಣೆ ನಿಜವಾಗಿತ್ತು. ತಾನು ಈ ಇಪ್ಪತ್ತೆರಡು ದಿನ ಅಗೆದದ್ದು ಈ ಮುದುಕಿಯ ಎರಡೂ ಮಕ್ಕಳಿಗೆ ಗುಂಡಿಯನ್ನು ಎಂದು ವಿಶಾಖಾಳಿಗೆ ಅನ್ನಿಸಿತು. ಅಳು ಬಂತು. ಸಮವಸ್ತ್ರದಲ್ಲಿದ್ದಳಾದ್ದರಿಂದ ನುಂಗಿಕೊಂಡಳು.

ಸೋನಾಬಾಯಿಯ ಮುಖ ಬೆಳಗುತ್ತಿತ್ತು. ಗ್ಲಾಸು, ಗನ್ನು, ಪೈಪು ಎಂಬವು ಅಣ್ಣ-ತಂಗಿ ದಿನವೂ ಊಟಕ್ಕೆ ಕೂತಾಗ ಆಡುತ್ತಿದ್ದ ಮಾತು. ಅವು ಆಕೆಯ ಕಿವಿಯ ಹೊರಗೇ ಉಳಿದಿದ್ದವು. ಒಳಗೆ ಹೋದದ್ದು ಅಳಬ್ಯಾಡ, ನಾ ಅದೀನಿ, ಪೂನಮನಂಥಾ ಕೈ ಇಲ್ಲ, ಇಷ್ಟೇ.

“ನೋಡಿದ್ರಿಲ್ಲೋ, ತಂಗಿ ಮ್ಯಾಲ ಎಷ್ಟ ಜೀವ ಇಟ್ಟಾನ! ಇಂಥಾ ಹುಡುಗ ಮಂದಿ ಜೀವ ತಗೀತಾನೇನ್ರಿ?” ಫೋನನ್ನು ಎರಡೂ ಕೈಯಲ್ಲಿ ಹಿಡಿದು ವಿಶಾಖಾಳ ಅಂಗೈ ಮೇಲಿಟ್ಟಳು. “ನಾಳಿಗೆ ಕೋರ್ಟಿನ್ಯಾಗ ಜಜ್ಜಸಾಹೇಬರಿಗೆ ಇದನ್ನ ಕೇಳಸ್ರಿ ಯವ್ವಾ. ನನ್ನ ಮಗ ಎಂಥಾಂವ ಅಂತ ಅವರಿಗೂ ತಿಳೀಲಿ.”

ವಿಶಾಖಾಳ ಹೆಬ್ಬೆರಳು ಆ ಸಂದೇಶದ ಮೇಲೇ ಇತ್ತು. ಇನ್ನೊಂದು ಚೂರು ಹೊತ್ತು ಒತ್ತಿ ಹಿಡಿದರೆ ಅಳಿಸುವ ಗುರುತು ಮೂಡುತ್ತದೆ. ಇಪ್ಪತ್ತೆರಡು ದಿನ ಪೊಲೀಸರು ಯಾರೂ ಕೊಡೆಂದು ಕೇಳದ ಫೋನು. ಇದರ ಅರ್ಥ ತಿಳಿದವಳು ತಾನೊಬ್ಬಳೇ.

ಒಬ್ಬಳೇ ಎಂದುಕೊಂಡಿದ್ದಳು.

ಹಿಂದೆ ಚಪ್ಪಲಿಯ ಸದ್ದಾಯಿತು. ಹದಿನಾಲ್ಕು ವರ್ಷ ಟಾಂಕಿಗಳ ಪಕ್ಕ ನಿಂತು, ಒಂದೊಂದು ಪೈಪಿನ ಬುಡವನ್ನೂ ದಿನಾ ಬೆಳಿಗ್ಗೆ ತಡವಿ ನೋಡಿ ಬೆಂಕಿ ಹಾಕುತ್ತಿದ್ದ ರಸೂಲಸಾಬ ಬೆಂಚು ಬಿಟ್ಟು ಎದ್ದು ಬಂದಿದ್ದ. ಅವನ ಕೈಯಲ್ಲಿದ್ದ ಕಪ್ಪಿನಿಂದ ಚಹಾ ಅಂಗಿಯ ಮೇಲೆ ಸುರಿಯುತ್ತಿತ್ತು, ಅವನಿಗೆ ಅದರ ಪರಿವೆಯೇ ಇರಲಿಲ್ಲ. ವಿಶಾಖಾಳನ್ನು ಅವನು ನೋಡಲಿಲ್ಲ. ನೋಡಿದ್ದು ಸೋನಾಬಾಯಿಯನ್ನು.

“ಅಕ್ಕಾ,” ಎಂದ, “ಅದನ್ನ ಇನ್ನೊಮ್ಮೆ ಹಚ್ಚು.”

“ಹಚ್ಚತೇನಿ ತಡಿ ಅಣ್ಣಾ,” ಎಂದಳು ಸೋನಾಬಾಯಿ ಖುಷಿಯಿಂದ. ವಿಶಾಖಾಳ ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಾನೇ ಒತ್ತಿದಳು.